ಸಿಸ್ಟರಮ್ಮನ ಮಡಿಲು

ಅಕ್ಕಿ, ಬೆಲ್ಲ, ಎಲೆ-ಅಡಿಕೆ ಇಟ್ಟ ಮೊರ ಹಿಡಿದು ವಿಮಲಮ್ಮ ಜಗಲಿಯಲ್ಲಿ ನಿಂತುಬಿಟ್ಟಳು. ವರ್ಗವಾಗಿ ತುರುವೇಕೆರೆ ಬಿಟ್ಟು ಹೊರಟಿದ್ದ ಮಿಷನ್ ಆಸ್ಪತ್ರೆಯ ಸನ್ಯಾಸಿನಿ ಸಿಸ್ಟರ್ ಬೆನಡಿಕ್ಟಾಗೆ ಮಡಿಲು ತುಂಬಿ ಕಳಿಸಬೇಕೆಂದು ಅವಳ ಆಸೆ. ಅತ್ತೆ ಸಿದ್ದಗಂಗಮ್ಮ ತಡೆದಿದ್ದರು. "ಮಡಿಲು ತುಂಬೋದು ಮುತ್ತೈದೆಗೆ ಕಣೇ. ಇವ್ರಿಗೆ ಮದ್ವೆ ಇಲ್ಲ, ಹಣೇಲಿ ಕುಂಕುಮ ಇಲ್ಲ. ಕಾಫಿ ಕೊಟ್ಟು ಕಳ್ಸು, ಸಾಕು."

ಸಿಸ್ಟರ್ ನಕ್ಕರು. ಅವರ ಕಣ್ಣು ಕಂಬದ ಮರೆಯಲ್ಲಿದ್ದ ಪುಟ್ಟಗಂಗಮ್ಮನ ಮೇಲಿತ್ತು. ಆ ಮನೆಯ ತೋಟದಲ್ಲಿ ತೆಂಗಿನಕಾಯಿ ಸುಲಿಯುವ ವಿಧವೆ ಆಕೆ. ಹುಣ್ಣಾಗಿ ಕೊಳೆತ ಆಕೆಯ ಕಾಲಿನ ವಾಸನೆಗೆ ಎಲ್ಲರೂ ದೂರ ಸರಿದಾಗ, ಮಳೆಗಾಲವಿಡೀ ನಡೆದು ಬಂದು ಆ ಹುಣ್ಣು ತೊಳೆದವರು ಸಿಸ್ಟರ್. ಈಗ ಪುಟ್ಟಗಂಗಮ್ಮನ ಸೆರಗಿನ ಕೆಳಗೆ ಏನೋ ಉಬ್ಬಿತ್ತು.

"ನನಗೆ ತಂದದ್ದಲ್ಲವಾ? ಕೊಡಿ," ಎಂದು ಸಿಸ್ಟರ್ ತಮ್ಮ ಬಿಳಿ ಸೆರಗನ್ನು ಒಡ್ಡಿದರು.

"ಅಯ್ಯೋ, ಗಂಡ ಸತ್ತೋಳ ಕೈಲಿ ಮಡ್ಲು ತುಂಬುಸ್ಕೋಬಾರ್ದು ಸಿಸ್ಟರಮ್ಮ. ದಾರೀಲಿ ಒಡ್ಕೊಂಡು ತಿನ್ನಾಕೆ ತಂದಿದ್ದು. ಚೀಲಕ್ಕೆ ಹಾಕ್ತೀನಿ ಬುಡಿ."

"ಮೊದಲ ದಿನ ಕಾಲನ್ನೂ ಹೀಗೇ ಬಚ್ಚಿಟ್ಟಿರಿ. ಆಮೇಲೆ ಕೊಡಲಿಲ್ಲವಾ?"

ಪುಟ್ಟಗಂಗಮ್ಮ ಕಾಯಿಯನ್ನು ಹೊರತೆಗೆದು ಆ ಸೆರಗಿಗೆ ಇಳಿಸಿದಳು. ನುಣ್ಣಗೆ ಸುಲಿದು, ಶುಭಕಾರ್ಯಕ್ಕೆ ಮಾಡುವಂತೆ ಜುಟ್ಟು ಉಳಿಸಿದ ಕಾಯಿ. ದಾರಿಯಲ್ಲಿ ಒಡೆದು ತಿನ್ನುವುದಕ್ಕೆ ಯಾರೂ ಜುಟ್ಟು ಉಳಿಸುವುದಿಲ್ಲ.

ಸಿದ್ದಗಂಗಮ್ಮ ಅದನ್ನೇ ನೋಡುತ್ತಿದ್ದರು. ಸೊಸೆಯ ಕೈಯಿಂದ ಮೊರ ಕಿತ್ತುಕೊಂಡು ಪುಟ್ಟಗಂಗಮ್ಮನ ಮುಂದೆ ಹಿಡಿದರು.

"ಬರೀ ಕಾಯಿ ಹಾಕ್ತಾರೇನೇ? ಬೊಗಸೆ ತುಂಬ ಅಕ್ಕಿ ತಗೋ."