ಹೊಸಿಲಲ್ಲಿ ಆಡಿದ ಮಾತು

ಮನೆಗಳು ಬಾಯಿಮಾತಿನಲ್ಲೇ ಮಾರಾಟವಾಗುವ ಕಾಲ. ನೋಡಲು ಬಂದವರು 'ಚೆನ್ನಾಗಿದೆ' ಎಂದರೂ ಸಾಕು, ಕೊಂಡಂತೆಯೇ. ಹಾಗಾಗಿ ಚಾಮರಾಜಪೇಟೆಯ ಹೊಸ ಫ್ಲ್ಯಾಟಿನೊಳಗೆ ಮಂದಾಕಿನಿ ತುಟಿ ಹೊಲಿದುಕೊಂಡವಳಂತೆ ಓಡಾಡಿದಳು. ಕಾಲೇಜಿನಲ್ಲಿ ವ್ಯಾಕರಣ ಹೇಳಿಕೊಡುವ ತಾನು ಮಾತಿಗೆ ಸಿಕ್ಕಿಬೀಳುವುದುಂಟೇ ಎಂಬ ಜಂಬ ಬೇರೆ.

"ಅಡುಗೆಮನೆ ಹೇಗಿದೆ ಮೇಡಂ?" ಎಂದು ಫ್ಲ್ಯಾಟೇ ಕೇಳಿತು.

"ಇದೆ."

"ಬಾಲ್ಕನಿಗೆ ಬೆಳಗಿನ ಬಿಸಿಲು ಬರತ್ತೆ. ಇಷ್ಟ ಆಯ್ತಾ?"

"ಬಿಸಿಲು ಎಲ್ಲಾ ಕಡೆ ಬರತ್ತೆ."

"ಮಾತಲ್ಲಿ ಇಷ್ಟು ಜಿಪುಣರನ್ನ ನಾನು ನೋಡೇ ಇಲ್ಲ ಬಿಡಿ," ಎಂದು ಫ್ಲ್ಯಾಟು ನಕ್ಕಿತು.

ಬಾಲ್ಕನಿ ಅವಳಿಗೆ ನಿಜಕ್ಕೂ ಇಷ್ಟವಾಗಿತ್ತು. ಆದರೆ ಇಷ್ಟವಾದ ಯಾವ ಮನೆಯನ್ನೂ ಅವಳು ಕೊಂಡವಳಲ್ಲ. ನೀರಿನ ಭಯ, ಬಿರುಕಿನ ಭಯ, ಎದುರುಮನೆಯವರ ಭಯ. ಹೊಸಿಲು ದಾಟಿ ಚಪ್ಪಲಿ ಮೆಟ್ಟಿಕೊಂಡು, ಗೆದ್ದ ಹುರುಪಿನಲ್ಲಿ ತಿರುಗಿ ಹೇಳಿದಳು: "ಹೋಗಿ ಬರ್ತೀನಿ."

"ಬನ್ನಿ ಮೇಡಂ," ಎಂದಿತು ಫ್ಲ್ಯಾಟು. ಬಾಗಿಲ ಮೇಲೆ ಅವಳ ಹೆಸರು ಮೂಡಿತು.

"ಅಯ್ಯೋ, ಅದು ಸುಮ್ಮನೆ ಹೇಳೋ ಮಾತು!"

"ಬರ್ತೀನಿ ಅಂದ್ರಲ್ಲ, ಆಯ್ತು. ಬೇಡ ಅಂದ್ರೆ ಬರೀ 'ಹೋಗ್ತೀನಿ' ಅನ್ನಿ, ಹೆಸರು ಅಳಿಸಿಬಿಡ್ತೀನಿ."

ಮಂದಾಕಿನಿ ಬಾಯಿ ತೆರೆದಳು. ಹಲ್ಲು ಕಿತ್ತ ಡಾಕ್ಟರಿಗೂ 'ಹೋಗಿ ಬರ್ತೀನಿ' ಎಂದೇ ಹೇಳಿ ಬಂದವಳು ಅವಳು. ಶುಕ್ರವಾರ, ದೀಪ ಹಚ್ಚುವ ಹೊತ್ತಿನಲ್ಲಿ, ಹೊಸಿಲ ಮುಂದೆ ನಿಂತು ಯಾರಾದರೂ ಬರೀ 'ಹೋಗ್ತೀನಿ' ಎಂಬ ಅಪಶಕುನದ ಮಾತು ಆಡುತ್ತಾರೆಯೇ?

"ಹೋ..." ಎಂದಳು. ನಾಲಿಗೆ ಮುಂದಕ್ಕೆ ಹೊರಳಲಿಲ್ಲ.

"ಹೋಗ್ಲಿ ಬಿಡು," ಎನ್ನುತ್ತಾ ಚಪ್ಪಲಿ ಕಳಚಿದಳು.