ಅಕ್ಕನ ಪಾಲಿನ ಉಪ್ಪಿಟ್ಟು

ಹಳೆಯ ಊಟವನ್ನು ಆಗ ಉಂಡ ಹಾಗೆಯೇ ಉಂಡರೆ, ಅಂದು ಜೊತೆಗಿದ್ದು ಈಗ ತೀರಿಹೋದವರು ಬಂದು ಪಕ್ಕದಲ್ಲಿ ಕೂರುವ ಕ್ಯಾಂಟೀನು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆಯೇ ಇತ್ತು. ಎದುರಿನ ಮೇಜಿನಲ್ಲಿ ಒಬ್ಬ ತನ್ನ ಸತ್ತ ಅಪ್ಪನ ಜೊತೆ ಮಿರ್ಚಿ ಭಜಿ ತಿನ್ನುತ್ತ ಹೊಲದ ಬದುವಿನ ವಿಷಯಕ್ಕೆ ಜಗಳವಾಡುತ್ತಿದ್ದ. ದಿನವಿಡೀ ಬಸ್ಸಿನಲ್ಲಿ ನಿಂತು ಕಾಲು ಊದಿಸಿಕೊಂಡಿದ್ದ ಕಂಡಕ್ಟರ್ ಫಕೀರವ್ವ ಮಾತ್ರ ಒಬ್ಬಳೇ ಕೂತು, ಶಾಲೆಯಲ್ಲಿ ಕೊಡುತ್ತಿದ್ದ ಗೋವಿನಜೋಳದ ಹಳದಿ ಉಪ್ಪಿಟ್ಟನ್ನು ಮೂಗು ಮುಚ್ಚಿಕೊಂಡು ನುಂಗುತ್ತಿದ್ದಳು. ಅದೇ ಮುಗ್ಗಲು ವಾಸನೆ, ಅದೇ ಗಂಟು. ಪ್ರತಿ ವಾರದಂತೆ ಇವತ್ತೂ ಅಕ್ಕ ನೀಲವ್ವನ ಸುಳಿವಿಲ್ಲ. ಸತ್ತ ಮೇಲೂ ಇವಳ ಹಟ ಹೋಗಲಿಲ್ಲವಲ್ಲ ಎಂದು ಫಕೀರವ್ವನಿಗೆ ಸಿಟ್ಟು ಬಂತು.

“ಪೂರ್ತಿ ತಿಂದ್ ನೋಡ್ರಿ ಮೇಡಂ, ಬರ್ತಾರ,” ಎಂದ ಬಡಿಸುವವ.

“ಸಾಕಾತಪ್ಪ. ಆಗೂ ಇದು ನನ್ನ ಗಂಟಲದಾಗ ಇಳೀತಿರಲಿಲ್ಲ,” ಎಂದು ಫಕೀರವ್ವ ತಟ್ಟೆಯನ್ನು ಮೊಣಕೈಯಿಂದ ಎಡಕ್ಕೆ ತಳ್ಳಿದಳು. ಮಾಸ್ತರರ ಕಣ್ಣು ತಪ್ಪಿಸಿ ಆಗಲೂ ಹೀಗೇ ಪಕ್ಕದಲ್ಲಿ ಕೂತ ಅಕ್ಕನ ಕಡೆ ತಳ್ಳುತ್ತಿದ್ದಳು.

ಪುಟ್ಟ ಕೈಯೊಂದು ತಟ್ಟೆಗೆ ಬಂತು. ಎರಡು ಜಡೆಯ ನೀಲವ್ವ ತಂಗಿಯ ಕಡೆ ನೋಡದೆ ಗಬಗಬನೆ ತಿನ್ನತೊಡಗಿದಳು. ರಾತ್ರಿ ಮನೆಯಲ್ಲಿ “ನನಗ ಹಸಿವಿಲ್ಲ” ಎಂದು ತನ್ನ ಪಾಲಿನ ರೊಟ್ಟಿಯನ್ನು ದಿನಾ ತಂಗಿಗೆ ಕೊಡುತ್ತಿದ್ದವಳು ಇವಳೇ.

ತಟ್ಟೆ ಬಳಿದು, ಬೆರಳು ನೆಕ್ಕಿ, ನೀಲವ್ವ ಮೆಲ್ಲಗೆ ಕೇಳಿದಳು: “ಇನ್ನೊಂಚೂರು ಐತೇನ?”