ಛತ್ರದಜ್ಜಿ

ಕಂಪ್ಯೂಟರ್ ಆಟದೊಳಗಿನ ಊರಿಗೆ ಮಗಳು ಹೊಸದಾಗಿ ಒಬ್ಬ ಛತ್ರದಜ್ಜಿಯನ್ನು ಮಾಡುತ್ತಿದ್ದಳು. ಸಂಜೆ ಗೆಳತಿಯರ ಮುಂದೆ ಆಡಿ ತೋರಿಸಬೇಕು. ಅಜ್ಜಿ ಬಡಿಸಿದ್ದನ್ನು ಉಂಡು ಆಟದ ವೀರ ಎದ್ದೊಡನೆ, ಊರು ಸುಡಲು ಬಂದ ಡ್ರ್ಯಾಗನ್ ಜೊತೆ ಘೋರ ಕಾಳಗ. ಅಜ್ಜಿಗೆ ದನಿ ಕೊಡಲು ತಾಯಿ ವನಮಾಲಾ ಸೌಟು ಹಿಡಿದುಕೊಂಡೇ ಬಂದಳು.

“ಬಾಪ್ಪಾ, ಕೂತ್ಕೋ. ಉಂಡ್ಕೊಂಡೇ ಹೋಗು,” ಎಂದಳು ಮೈಕಿಗೆ.

“ಸೂಪರ್ ಅಮ್ಮ! ಅಜ್ಜಿ ಕರೆದ್ರೆ ಯಾರೂ ಒಲ್ಲೆ ಅನ್ನೋ ಹಾಗಿಲ್ಲ, ಹಾಗೆ ಮಾಡಿದೀನಿ. ಯಾರನ್ನ ಕರೀಬೇಕು ಅಂತ ಕಂಪ್ಯೂಟರ್ ಕೇಳ್ತಿದೆ. ವೀರನೊಬ್ಬನನ್ನೇ ಅಂತ ಹಾಕ್ಲಾ?”

“ಅಯ್ಯೋ, ಅದೆಂಥ ಛತ್ರವೇ ಮಾರಾಯ್ತಿ? ಉಣ್ಣೋ ಹೊತ್ತಿಗೆ ಬಾಗಿಲಿಗೆ ಬಂದೋರನ್ನ ನೀನ್ಯಾರು ಅಂತ ಕೇಳ್ತಾರಾ? ಎಲ್ಲರನ್ನೂ ಅಂತ ಹಾಕು.”

ಮಗಳು ನಕ್ಕು ಹಾಗೇ ಹಾಕಿದಳು.

ಸಂಜೆ ಕೋಣೆಯಿಂದ ಮೊದಲು ಡ್ರ್ಯಾಗನ್ನಿನ ಗರ್ಜನೆ ಕೇಳಿತು, ಆಮೇಲೆ ಗೆಳತಿಯರ ನಗು, ಕೊನೆಗೆ ಮಗಳ ಚೀರಾಟ: “ಅಮ್ಮಾ! ನನ್ನ ಕಾಳಗ ಹಾಳಾಯ್ತು, ಬಂದು ನೋಡು!”

ವನಮಾಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿದಳು. ತೆರೆಯ ಮೇಲೆ, ವೀರನ ಪಕ್ಕದಲ್ಲೇ, ಡ್ರ್ಯಾಗನ್ ರೆಕ್ಕೆ ಮಡಚಿಕೊಂಡು ಎಲೆಯ ಮುಂದೆ ಕೂತಿತ್ತು.